ಎಣ್ಣೆ ಬೇಡದ ಕೀಲು

ಹಳೆಯ ಮಾರುತಿ 800 ಒಂದು ಹಂಪ್ ಹತ್ತಿ ಇಳಿಯುವಷ್ಟರಲ್ಲಿ ಅದರ ಮುಂಭಾಗ ಎರಡು ಸಲ ಕಿರುಗುಟ್ಟುತ್ತದೆ. ಮೂತಿ ಮೇಲೇಳುವಾಗ ಒಮ್ಮೆ, ಕೆಳಗೆ ಕೂರುವಾಗ ಇನ್ನೊಮ್ಮೆ. ಕೆರೆಬಿಳಚಿಯಿಂದ ಚನ್ನಗಿರಿಗೋ ದಾವಣಗೆರೆಗೋ ಹೊರಟರೆ ದಾರಿಯ ಊರೂರಿಗೂ ಹಂಪ್. ಸೂಳೆಕೆರೆಯ ಕಡೆಯ ಗದ್ದೆ ತೋಟಗಳಿಗೆ ತಿರುಗಿದರೆ ಹಂಪೇ ಬೇಡ, ಟ್ರ್ಯಾಕ್ಟರ್ ಜಾಡಿನ ಗುಂಡಿಗಳು ಸಾಕು. ಗಾಡಿ ಇಟ್ಟುಕೊಂಡವರು ಈ ಸದ್ದಿನ ಗುಣವನ್ನು ಚೆನ್ನಾಗಿ ಬಲ್ಲರು. ಅರವತ್ತರ ವೇಗದಲ್ಲಿ ಅದು ಕೇಳಿಸುವುದಿಲ್ಲ, ನಡಿಗೆಯ ವೇಗಕ್ಕೆ ಇಳಿದಾಗ ಕೇಳಿಸುತ್ತದೆ. ಬೆಳಿಗ್ಗೆ ಶೆಡ್ಡಿನಿಂದ ಹೊರತೆಗೆದಾಗ ಜೋರು. ಮಳೆಯಲ್ಲಿ ನೆನೆದ ದಿನ ಮಾಯ, ಮೈ ಒಣಗಿದ ಮೇಲೆ ಮತ್ತೆ ಹಾಜರು. ಈ ಗುಣಗಳನ್ನೇ ಒಂದೊಂದಾಗಿ ಬಿಡಿಸಿ ನೋಡಿದರೆ ಸದ್ದು ಎಲ್ಲಿಂದ ಹುಟ್ಟುತ್ತದೆ, ಅದಕ್ಕೆ ಏನು ಮಾಡಬೇಕು ಎನ್ನುವುದು ಬಹುಪಾಲು ತಿಳಿಯುತ್ತದೆ. ಆದರೆ ಯಾರೂ ಅಷ್ಟು ಕಾಯುವುದಿಲ್ಲ. ವಾಟರ್ ಸರ್ವಿಸ್‌ಗೆ ಬಿಟ್ಟಾಗ, "ಕೆಳಗ ಒಂದಿಷ್ಟು ಎಣ್ಣಿ ಹೊಡದುಬಿಡ್ರಿ ಅಣ್ಣಾ, ಕಿರ್ ಅಂತೈತಿ" ಎಂದು ಹೇಳಿ ಚಹಾ ಕುಡಿಯಲು ಹೋಗುತ್ತಾರೆ.

ಕಿರುಗುಟ್ಟುವ ಕೀಲಿಗೆ ಎಣ್ಣೆ ಎನ್ನುವುದು ಈ ಸೀಮೆಯ ಹಳೆಯ ತಿಳಿವಳಿಕೆ. ಅದು ತನ್ನ ಕಾಲಕ್ಕೆ ಪೂರ್ತಿ ಸರಿಯಾಗಿತ್ತು. ಎತ್ತಿನ ಗಾಡಿ ಇದ್ದ ಮನೆಯಲ್ಲಿ ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ ಕೀಲೆಣ್ಣೆ ಮಾಡಿಕೊಳ್ಳುತ್ತಿದ್ದರು, ಅದನ್ನು ಗೊಟ್ಟದಲ್ಲಿ ತುಂಬಿ ಗಾಡಿಗೆ ತೂಗುಹಾಕಿಕೊಂಡೇ ಸಂತೆಗೆ ಹೊರಡುತ್ತಿದ್ದರು. ಅಚ್ಚಿನ ಮೇಲೆ ಚಕ್ರದ ಗುಂಬ ತಿರುಗುವ ಜಾಗಕ್ಕೆ ಅದನ್ನು ಬಳಿದರೆ ಗಾಡಿಯ ನರಳಾಟ ನಿಲ್ಲುತ್ತಿತ್ತು, ಎತ್ತುಗಳ ಹೆಗಲಿನ ಭಾರವೂ ಇಳಿಯುತ್ತಿತ್ತು. ಹರಳೆಣ್ಣೆಯನ್ನೇ ಆರಿಸಿಕೊಂಡಿದ್ದರ ಹಿಂದೆ ಗಟ್ಟಿಯಾದ ರಸಾಯನಶಾಸ್ತ್ರವಿದೆ. ಅದರ ಕೊಬ್ಬಿನಾಮ್ಲಗಳಲ್ಲಿ ಹತ್ತರಲ್ಲಿ ಎಂಟೂವರೆ ಪಾಲಿಗೂ ಹೆಚ್ಚು ರಿಸಿನೋಲಿಕ್ ಆಮ್ಲ. ಅದರ ಉದ್ದನೆಯ ಇಂಗಾಲದ ಸರಪಳಿಯ ನಡುವೆ ಆಮ್ಲಜನಕ ಮತ್ತು ಜಲಜನಕದ ಒಂದು ಜೋಡಿ ಕೂತಿರುತ್ತದೆ. ಆ ಜೋಡಿಯ ವಿದ್ಯುತ್ ಸೆಳೆತದಿಂದಾಗಿ ಎಣ್ಣೆ ಲೋಹದ ಮೈಗೆ ಕಚ್ಚಿಕೊಳ್ಳುತ್ತದೆ. ಭಾರ ಬಿದ್ದಾಗಲೂ ತೆಳ್ಳನೆಯ ಒಂದು ಪದರ ಹಿಂಡಿಹೋಗದೆ ಉಳಿಯುತ್ತದೆ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್‌ಗಳಿಗೂ ಹರಳೆಣ್ಣೆಯನ್ನೇ ಹಾಕುತ್ತಿದ್ದರು.

ಎತ್ತಿನ ಗಾಡಿಯ ನಂತರ ಜೀಪು, ಲಾರಿ, ಅಂಬಾಸಿಡರ್ ಬಂದವು. ಜೀಪಿನ ಭಾರ ಹೊರುವುದು ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪ್ಲೇಟುಗಳು. ಗುಂಡಿಗೆ ಇಳಿದಾಗ ಪ್ಲೇಟುಗಳು ಬಾಗುತ್ತವೆ, ಬಾಗುವಾಗ ಒಂದರ ಮೇಲೊಂದು ಉಜ್ಜುತ್ತವೆ. ಅಲ್ಲಿಗೂ ಎಣ್ಣೆ ಹೊಂದುತ್ತದೆ. ಅಂಬಾಸಿಡರ್‌ನ ಮುಂದಿನ ಚಕ್ರಗಳನ್ನು ಹಿಡಿದ ಕೀಲುಗಳಲ್ಲಿ ಲೋಹ ಲೋಹದ ಮೇಲೆ ತಿರುಗುತ್ತಿತ್ತು. ಅದಕ್ಕೆಂದೇ ಗ್ರೀಸ್ ನಿಪ್ಪಲ್‌ಗಳಿದ್ದವು, ಗ್ರೀಸ್ ಗನ್ ಹಚ್ಚಿ ಹಳೆಯ ಗ್ರೀಸ್ ಹೊರಗೆ ಬರುವ ತನಕ ಒತ್ತುವುದು ಪ್ರತಿ ಸರ್ವಿಸ್‌ನ ಕೆಲಸ. ಅಚ್ಚಿನಿಂದ ಅಂಬಾಸಿಡರ್‌ವರೆಗೆ ಕೀಲು ಎಂದರೆ ಜಾರುವ ಜಾಗ, ಜಾರುವ ಜಾಗಕ್ಕೆ ಜಿಡ್ಡು ಬೇಕು. ಈ ಸರಳ ನಿಯಮ ತಲೆಮಾರುಗಳ ಅನುಭವದಲ್ಲಿ ಗಟ್ಟಿಯಾಯಿತು.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಕೈ ಮಾಲೀಕರ ಕೈ ಸೇರಿದಾಗ ಆ ನಿಯಮ ಸದ್ದಿಲ್ಲದೆ ಬದಲಾಯಿತು. ಈ ಕಾರಿನ ಮುಂಭಾಗ ನಿಂತಿರುವುದು ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಸ್ಟ್ರಟ್ ಮೇಲೆ. ಮೊದಲು ಜನರಲ್ ಮೋಟರ್ಸ್‌ನಲ್ಲಿ ಒಂದು ಚಿಕ್ಕ ಷೆವರ್ಲೆಗೆಂದು ಅವರು ಅದರ ಕೆಲಸ ಶುರುಮಾಡಿದ್ದರು. ಆ ಕಾರು ಮಾರುಕಟ್ಟೆಗೆ ಬರಲೇ ಇಲ್ಲ. ಆಮೇಲೆ ಅವರು ಫೋರ್ಡ್ ಸೇರಿದರು, ಅಲ್ಲಿಂದ ಅದು ಜಗತ್ತಿನ ಚಿಕ್ಕ ಕಾರುಗಳಿಗೆಲ್ಲ ಹರಡಿತು. ವಿಚಾರ ಸರಳ, ಅಷ್ಟೇ ಜಾಣತನದ್ದು: ಶಾಕ್ ಅಬ್ಸಾರ್ಬರ್‌ನ ನಳಿಗೆಯನ್ನೇ ಚಕ್ರವನ್ನು ನೆಟ್ಟಗೆ ನಿಲ್ಲಿಸುವ ಕಂಬ ಮಾಡಿ, ಅದರ ಸುತ್ತ ಸುರುಳಿ ಸ್ಪ್ರಿಂಗ್ ಕೂರಿಸಿ, ತಲೆಯನ್ನು ಬಾಡಿಗೆ ಬಿಗಿದುಬಿಟ್ಟರೆ ಮೇಲಿನ ಆರ್ಮೇ ಬೇಡ. ಕೆಳಗೆ ಒಂದು ಲೋವರ್ ಆರ್ಮ್ ಸಾಕು. 800ರಲ್ಲಿ ಆ ಆರ್ಮ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಕೆಲಸವನ್ನೂ ಅಡ್ಡಕ್ಕೆ ಹಾದ ಸ್ಟೆಬಿಲೈಜರ್ ಬಾರ್‌ಗೇ ಒಪ್ಪಿಸಿದ್ದಾರೆ. ಭಾಗಗಳು ಕಡಿಮೆ, ತೂಕ ಕಡಿಮೆ, ಬೆಲೆ ಕಡಿಮೆ. ಕೀಲುಗಳಲ್ಲಿ ಒಂದು ಗ್ರೀಸ್ ನಿಪ್ಪಲ್ಲೂ ಇಲ್ಲ. ಅವು ಇದ್ದ ಕಡೆ ರಬ್ಬರ್ ಬಂದು ಕೂತಿದೆ.

2014ರ ಜನವರಿಯಲ್ಲಿ 800ರ ತಯಾರಿಕೆ ನಿಂತಿತು. ಅಂದರೆ ಇಂದು ಓಡುತ್ತಿರುವ ಯಾವ 800ಕ್ಕೂ ವಯಸ್ಸು ಕಡಿಮೆಯೇನಲ್ಲ. ಚನ್ನಗಿರಿ, ಹೊನ್ನಾಳಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ಈ ಕಡೆಯ ನಂಬರ್ ಪ್ಲೇಟಿನಲ್ಲಿ ಕೆಎ 17ರ ಬದಲು ಕೆಎ 14 ಅಥವಾ 16 ಇದ್ದರೆ, ಅದು ದಾವಣಗೆರೆ ಜಿಲ್ಲೆ ಹುಟ್ಟುವ ಮೊದಲೇ ರಸ್ತೆಗಿಳಿದ ಗಾಡಿಯಾಗಿರಬಹುದು. ಇಂಥ ಗಾಡಿಯನ್ನು ಗುಜರಿಗೆ ಹಾಕದೆ, ಮಕ್ಕಳನ್ನು ಶಾಲೆಗೆ ಬಿಟ್ಟು, ಚನ್ನಗಿರಿಯ ಅಡಿಕೆ ಮಂಡಿಗೆ ಹೋಗಿ ಬಂದು, ಹದಿನೈದು ವರ್ಷ ತುಂಬಿದ ಮೇಲೂ ನೋಂದಣಿ ನವೀಕರಿಸಿಕೊಂಡು ಓಡಿಸುವವರ ಬಗ್ಗೆ ನನಗೆ ಗೌರವವಿದೆ. ಅವರಿಗೆ ಬೇಕಿರುವುದು ಹೊಸ ಕಾರಿನ ಜಾಹೀರಾತಲ್ಲ, ಈ ಕಾರಿನ ಕೀಲು ಹೇಗೆ ಕೆಲಸ ಮಾಡುತ್ತದೆ ಎನ್ನುವ ವಿವರ.

ಮೊದಲು ಸದ್ದಿನ ವಿಷಯ. ಎರಡು ವಸ್ತುಗಳು ಒಂದರ ಮೇಲೊಂದು ಕೂತಿದ್ದಾಗ ಅವುಗಳನ್ನು ಜಾರಿಸಲು ಬೇಕಾದ ಬಲ ಭಾರದ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂದು ಫ್ರಾನ್ಸಿನ ಗಿಯೋಮ್ ಅಮೊಂಟೊನ್ 1699ರಲ್ಲಿ ತೋರಿಸಿದರು. ಸುಮಾರು ಒಂದು ಶತಮಾನದ ನಂತರ ಕೂಲಂಬ್ ಇನ್ನೊಂದು ಸಂಗತಿ ಗುರುತಿಸಿದರು: ನಿಂತ ವಸ್ತುವನ್ನು ಹೊರಡಿಸುವುದು ಕಷ್ಟ, ಹೊರಟದ್ದನ್ನು ಓಡಿಸುವುದು ಸುಲಭ. ಅಷ್ಟೇ ಅಲ್ಲ, ಹೆಚ್ಚು ಹೊತ್ತು ನಿಂತಷ್ಟೂ ಹೊರಡಿಸುವುದು ಇನ್ನಷ್ಟು ಕಷ್ಟ. ಇದಕ್ಕೆ ಕಾರಣವನ್ನು ಕೇಂಬ್ರಿಜ್‌ನ ಫಿಲಿಪ್ ಬೌಡೆನ್ ಮತ್ತು ಡೇವಿಡ್ ಟೇಬರ್ ಇಪ್ಪತ್ತನೆಯ ಶತಮಾನದ ನಡುವೆ ಬಿಡಿಸಿಟ್ಟರು. ಎಷ್ಟೇ ನಯವಾಗಿ ಕಂಡರೂ ಮೇಲ್ಮೈಗಳಲ್ಲಿ ಏರುತಗ್ಗುಗಳಿರುತ್ತವೆ, ನಿಜವಾಗಿ ಮುಟ್ಟುವುದು ಏರುಗಳ ತುದಿಗಳು ಮಾತ್ರ. ಆ ಸಣ್ಣ ತುದಿಗಳ ಮೇಲೆ ಇಡೀ ಭಾರ ಬಿದ್ದು ಅವು ಚಪ್ಪಟೆಯಾಗಿ ಒಂದಕ್ಕೊಂದು ಅಂಟುತ್ತವೆ. ಸಮಯ ಕಳೆದಂತೆ ಅಂಟು ಬಲಿಯುತ್ತದೆ. ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಹೆಚ್ಚು ಕಿರುಗುಟ್ಟುವುದಕ್ಕೆ ಒಂದು ಕಾರಣ ಇದು. ತಂಪಿಗೆ ರಬ್ಬರ್ ಬಿಗಿಯಾಗುವುದು ಇನ್ನೊಂದು.

ಈಗ ಈ ಅಂಟಿಗೆ ಒಂದು ಸ್ಪ್ರಿಂಗ್ ಜೋಡಿಸಿ. ಸ್ಪ್ರಿಂಗ್ ಎಳೆಯುತ್ತದೆ, ಅಂಟು ಬಿಡುವುದಿಲ್ಲ, ಸೆಳೆತ ಏರುತ್ತದೆ. ಒಂದು ಹಂತದಲ್ಲಿ ಅಂಟು ಕಳಚಿ ವಸ್ತು ಜಾರುತ್ತದೆ. ಜಾರುವಾಗ ತಡೆ ಕಡಿಮೆಯಾದ್ದರಿಂದ ಬೇಕಾದ್ದಕ್ಕಿಂತ ಮುಂದೆ ಹೋಗಿ, ಸ್ಪ್ರಿಂಗ್ ಸಡಿಲಾಗಿ, ಮತ್ತೆ ಅಂಟುತ್ತದೆ. ಅಂಟು, ಜಾರು, ಅಂಟು, ಜಾರು. ಒಂದು ಸೆಕೆಂಡಿಗೆ ನೂರಾರು ಸಲ ಹೀಗಾದರೆ ನಮಗೆ ಕೇಳಿಸುವುದು 'ಕಿರ್'. ಬಾಗಿಲಿನ ತಿರುಗುಣಿ ಅಳುವುದು ಹೀಗೆ. ಭೂಮಿಯ ಹೊರಪದರದ ಬಿರುಕುಗಳಲ್ಲಿ ಭೂಕಂಪವಾಗುವುದೂ ಇದೇ ಬಗೆಯಲ್ಲಿ ಎಂದು ಬ್ರೇಸ್ ಮತ್ತು ಬೈಯರ್ಲಿ 1966ರಲ್ಲಿ ವಾದಿಸಿದರು, ಆ ವಿಚಾರ ಇಂದು ಭೂಕಂಪಶಾಸ್ತ್ರದ ಬುನಾದಿಗಳಲ್ಲಿ ಒಂದು.

ಇದೇ ವಿದ್ಯಮಾನದಿಂದ ಸಂಗೀತವೂ ಹುಟ್ಟುತ್ತದೆ. ಪಿಟೀಲಿನ ಕಮಾನು ತಂತಿಯನ್ನು ಹಿಡಿದು ಎಳೆಯುತ್ತದೆ, ತಂತಿ ಜಾರಿ ಹಿಂದಕ್ಕೆ ಹಾರುತ್ತದೆ, ಕಮಾನು ಮತ್ತೆ ಹಿಡಿಯುತ್ತದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಚಲನೆಯನ್ನು ಕಣ್ಣಾರೆ ಕಂಡು ವಿವರಿಸಿದ್ದರು. ಅದನ್ನು ಗಣಿತಕ್ಕೆ ತಂದು ಬಹುದೂರ ಬೆಳೆಸಿದವರು ಸಿ. ವಿ. ರಾಮನ್. ನೊಬೆಲ್ ತಂದುಕೊಟ್ಟ ಬೆಳಕಿನ ಸಂಶೋಧನೆಗೆ ಹತ್ತು ವರ್ಷ ಮೊದಲೇ, 1918ರಲ್ಲಿ, ಕಲ್ಕತ್ತೆಯ ಇಂಡಿಯನ್ ಅಸೋಸಿಯೇಷನ್‌ನಲ್ಲಿದ್ದಾಗ ಅವರು ಕಮಾನು ಎಳೆದ ತಂತಿಗಳ ಕಂಪನದ ಬಗ್ಗೆ ದೊಡ್ಡ ಪ್ರಬಂಧವೊಂದನ್ನು ಬರೆದರು. 1920ರಲ್ಲಿ ಪಿಟೀಲನ್ನು ಯಂತ್ರದಿಂದಲೇ ನುಡಿಸಿ, ಕಮಾನಿನ ಒತ್ತಡಕ್ಕೂ ವೇಗಕ್ಕೂ ಏನು ಸಂಬಂಧ ಎಂದು ಅಳೆದರು. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ ಎಂದರೆ ನಮಗೆ ವಜ್ರ, ಬೆಳಕು, ಬಣ್ಣ ನೆನಪಾಗುತ್ತವೆ. ಅವರ ಈ ಪಿಟೀಲಿನ ಕೆಲಸವನ್ನು ಶಾಲೆಗಳಲ್ಲಿ ಹೇಳಿಕೊಡಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಒತ್ತಡ ಒಂದು ಮಿತಿಗಿಂತ ಕಡಿಮೆಯಾದರೆ ಕಮಾನು ತಂತಿಯನ್ನು ಹಿಡಿಯುವುದಿಲ್ಲ, ನಾದ ಒಡೆಯುತ್ತದೆ. ಒತ್ತಡ, ವೇಗ, ಸ್ಥಾನ ಮೂರೂ ಹೊಂದಿದಾಗ ಮಾತ್ರ ಅಂಟಿ ಜಾರುವ ಆಟ ಕ್ರಮವಾಗಿ ನಡೆಯುತ್ತದೆ.

ಕಾರಿನ ಸದ್ದಿಗೂ ಇಂಥದೇ ಮಿತಿಗಳಿವೆ. ವೇಗವಾಗಿ ಹೋಗುವಾಗ ಕೀಲಿನ ಮೇಲ್ಮೈಗಳಿಗೆ ಅಂಟಿಕೊಳ್ಳಲು ಸಮಯ ಸಿಗುವುದಿಲ್ಲ, ಅವು ಎಡೆಬಿಡದೆ ಜಾರುತ್ತಿರುತ್ತವೆ. ಹಂಪಿನ ಮೇಲೆ ಮೆಲ್ಲಗೆ ಹತ್ತುವಾಗ ಸಮಯ ಸಿಗುತ್ತದೆ. ಮಳೆನೀರು ಮೇಲ್ಮೈಗಳ ನಡುವೆ ನುಸುಳಿ ಅಂಟನ್ನು ತಗ್ಗಿಸುತ್ತದೆ, ಒಣಗಿದ ಮೇಲೆ ಅಂಟು ಮರಳುತ್ತದೆ. ಹಾಗಾದರೆ ನೀರಿನ ಬದಲು ಎಣ್ಣೆ ಬಿಟ್ಟರೆ ಶಾಶ್ವತ ಪರಿಹಾರ ಸಿಗಬೇಕಲ್ಲ? ಇಲ್ಲಿಯೇ ರಬ್ಬರ್ ಅಡ್ಡ ಬರುತ್ತದೆ.

ಲೋವರ್ ಆರ್ಮಿನ ಒಳತುದಿಯಲ್ಲಿರುವ ಬುಷ್ ನೋಡಲು ಸಾಧಾರಣ ವಸ್ತು. ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಸಣ್ಣ ಕೊಳವೆ, ನಡುವೆ ಎರಡಕ್ಕೂ ಬಿಗಿಯಾಗಿ ಹಿಡಿದ ರಬ್ಬರ್. ಹೊರಗಿನದು ಆರ್ಮಿನೊಳಗೆ ಒತ್ತಿ ಕೂತಿರುತ್ತದೆ, ಒಳಗಿನದನ್ನು ಬೋಲ್ಟ್ ಬಿಗಿದು ಗಾಡಿಯ ಮೈಗೆ ಹಿಡಿದಿರುತ್ತದೆ. ಚಕ್ರ ಏರಿಳಿದಾಗ ಆರ್ಮ್ ತೂಗುತ್ತದೆ, ಆದರೆ ಯಾವುದೂ ಯಾವುದರ ಮೇಲೂ ಜಾರುವುದಿಲ್ಲ. ನಡುವಿನ ರಬ್ಬರ್ ತಾನೇ ತಿರುಚಿಕೊಂಡು ಮತ್ತೆ ಸೆಟೆದು ನಿಲ್ಲುತ್ತದೆ. ಕೀಲಿನ ಇತಿಹಾಸದಲ್ಲಿ ಇದು ದೊಡ್ಡ ತಿರುವು: ಉಜ್ಜುವಿಕೆಯನ್ನು ಕಡಿಮೆ ಮಾಡುವ ಗೋಜಿಗೇ ಹೋಗದೆ ಅದನ್ನು ಇಲ್ಲವಾಗಿಸಿದ ಕೀಲು. ಸರಿಯಿರುವ ಬುಷ್‌ನಲ್ಲಿ ಜಾರುವ ಮೇಲ್ಮೈಯೇ ಇಲ್ಲ, ಆದ್ದರಿಂದ ಜಿಡ್ಡು ಹಾಕಲು ಜಾಗವೂ ಇಲ್ಲ. ಅದು ಕಿರುಗುಟ್ಟಿತು ಎಂದರೆ ರಬ್ಬರ್ ಎಲ್ಲೋ ಹರಿದಿದೆ ಅಥವಾ ಕೊಳವೆಯಿಂದ ಬಿಟ್ಟಿದೆ, ಜಾರಬಾರದ್ದು ಜಾರುತ್ತಿದೆ. ಸದ್ದು ಇಲ್ಲಿ ಒಣಗಿದ್ದರ ಗುರುತಲ್ಲ, ಮುರಿದದ್ದರ ಗುರುತು.

ಎಣ್ಣೆ ಹೊಡೆದಾಗ ಆಗುವುದೇನು? ಜಾರುವಿಕೆ ನಯವಾಗಿ ಸದ್ದು ನಿಲ್ಲುತ್ತದೆ. ಆದರೆ ಕೆಳಗೆ ಹೊಡೆಯುವುದು ಡೀಸೆಲ್ ಅಥವಾ ಎಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲ್. ಈ ಎಣ್ಣೆಗಳೂ ರಬ್ಬರೂ ಒಂದೇ ಕುಲದವು, ಎರಡೂ ಇಂಗಾಲ ಮತ್ತು ಜಲಜನಕದ ಸರಪಳಿಗಳು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿ ಕಾಯಿಸಿ ರಬ್ಬರಿನ ಸರಪಳಿಗಳ ನಡುವೆ ಗಂಟು ಹಾಕುವ ದಾರಿ ಕಂಡುಕೊಂಡರು, ಹಾಗಾಗಿ ಅದು ಎಣ್ಣೆಯಲ್ಲಿ ಪೂರ್ತಿ ಕರಗುವುದಿಲ್ಲ. ಆದರೆ ಎಣ್ಣೆಯ ಕಣಗಳು ಗಂಟುಗಳ ನಡುವಿನ ಸಂದುಗಳಿಗೆ ನುಗ್ಗುತ್ತವೆ. ರಬ್ಬರ್ ನೆನೆಸಿದ ಕಡಲೆಕಾಳಿನಂತೆ ಉಬ್ಬುತ್ತದೆ. ಎಷ್ಟು ಉಬ್ಬೀತು ಎನ್ನುವುದನ್ನು ಪಾಲ್ ಫ್ಲೋರಿ ಮತ್ತು ಜಾನ್ ರೇನರ್ 1943ರಲ್ಲಿ ಲೆಕ್ಕಕ್ಕೆ ತಂದರು, ಫ್ಲೋರಿಗೆ 1974ರಲ್ಲಿ ಪಾಲಿಮರ್‌ಗಳ ಮೇಲಿನ ಕೆಲಸಕ್ಕಾಗಿ ನೊಬೆಲ್ ಬಂತು. ಉಬ್ಬಿದ ರಬ್ಬರ್ ಮೆತ್ತಗಾಗುತ್ತದೆ, ಸುಲಭವಾಗಿ ಹರಿಯುತ್ತದೆ. ಕೆಲವು ದಿನ ಸುಮ್ಮನಿದ್ದ ಕೀಲು ಮತ್ತೆ ದನಿ ತೆಗೆಯುವಾಗ ಬಿರುಕು ಮೊದಲಿಗಿಂತ ದೊಡ್ಡದಾಗಿರುತ್ತದೆ. ಇದರಲ್ಲಿ ಒಂದು ವಿಶೇಷವಿದೆ: ಹಳೆಯ ಕೀಲೆಣ್ಣೆಯ ಹರಳೆಣ್ಣೆ ಸಹಜ ರಬ್ಬರನ್ನು ಹೀಗೆ ಉಬ್ಬಿಸುವುದಿಲ್ಲ, ಹಿಂದೆ ಬ್ರೇಕ್ ದ್ರವಗಳಲ್ಲಿ ಅದನ್ನು ಬಳಸುತ್ತಿದ್ದುದು ಅದಕ್ಕೇ. ನಮ್ಮ ಹಿರಿಯರ ಗೊಟ್ಟದಲ್ಲಿದ್ದದ್ದು ಸರ್ವಿಸ್ ಸ್ಟೇಷನ್ನಿನ ಡಬ್ಬಿಯಲ್ಲಿರುವುದಕ್ಕಿಂತ ಈ ಕಾರಿಗೆ ಕಡಿಮೆ ಕೇಡು ಮಾಡುತ್ತಿತ್ತು. ಆದರೂ ಹರಿದ ರಬ್ಬರನ್ನು ಅದೂ ಕೂಡಿಸಲಾರದು.

ಎಣ್ಣೆ ಮುಟ್ಟಿಸದೆ ಇಟ್ಟರೂ ರಬ್ಬರ್ ಮುಪ್ಪಾಗುತ್ತದೆ. ಗಾಳಿಯಲ್ಲಿರುವ ಓಝೋನ್ ಹತ್ತು ಕೋಟಿಗೆ ಕೆಲವೇ ಪಾಲು, ಅಷ್ಟೇ ಸಾಕು. ಎಳೆತದಲ್ಲಿರುವ ರಬ್ಬರಿನ ಸರಪಳಿಗಳನ್ನು ಅದು ಒಂದೊಂದಾಗಿ ಕತ್ತರಿಸುತ್ತದೆ, ಬಿರುಕುಗಳು ಎಳೆತಕ್ಕೆ ಅಡ್ಡಲಾಗಿ ಗೆರೆ ಎಳೆದಂತೆ ಮೂಡುತ್ತವೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯನ್ನೂ ಇದು ಬಿಡುವುದಿಲ್ಲ.

ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಯಿಂದ ಹುಡುಕುವುದು ತೀರಾ ಕಷ್ಟ. ಉಕ್ಕಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 5000 ಮೀಟರ್ ಓಡುತ್ತದೆ, ಗಾಳಿಯಲ್ಲಿ 340. ಕೀಲಿನಲ್ಲಿ ಹುಟ್ಟಿದ ಕಂಪನ ಆರ್ಮ್ ಹತ್ತಿ, ಬಾಡಿ ಸೇರಿ, ಅಗಲವಾದ ತೆಳು ತಗಡು ಎಲ್ಲಿದೆಯೋ ಅಲ್ಲಿಂದ ಹೊರಬೀಳುತ್ತದೆ. ನಮ್ಮ ಎರಡು ಕಿವಿಗಳು ದಿಕ್ಕು ತಿಳಿಯುವುದು ಸದ್ದು ಒಂದಕ್ಕಿಂತ ಇನ್ನೊಂದನ್ನು ಎಷ್ಟು ಬೇಗ ತಲುಪಿತು ಎನ್ನುವುದರಿಂದ, ಆ ವ್ಯತ್ಯಾಸ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೂ ಕಡಿಮೆ. ಕಾರಿನೊಳಗಿನ ಗಾಜು, ತಗಡುಗಳಿಂದ ಮರುಕಳಿಸಿದ ಸದ್ದಿನಲ್ಲಿ ಅದು ಕಲಸಿಹೋಗುತ್ತದೆ. ಎಡಗಡೆಯ ಬುಷ್ ಹರಿದಿದ್ದರೆ ಡ್ಯಾಶ್‌ಬೋರ್ಡಿನ ಬಲಕ್ಕೆ ಸದ್ದು ಕೇಳುವುದು ಹೀಗೆ.

ಅನುಭವಿ ಮೆಕ್ಯಾನಿಕ್ ಅದಕ್ಕೇ ಕೈಯನ್ನು ನಂಬುತ್ತಾನೆ. ನೆಲ ಸಮನಾಗಿರುವ ಕಡೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಒಬ್ಬರು ಬಾನೆಟ್ಟಿನ ಮೂಲೆಯನ್ನು ನಿಧಾನವಾಗಿ ಒತ್ತಿ ಬಿಡಬೇಕು. ಮೆಲ್ಲಗೆ ಒತ್ತುವುದು ಮುಖ್ಯ, ಜೋರಾಗಿ ಕುಲುಕಿದರೆ ಸದ್ದೇ ಬರುವುದಿಲ್ಲ. ಇನ್ನೊಬ್ಬರು ಒಂದೊಂದೇ ಜಾಗಕ್ಕೆ ಬೆರಳು ಮುಟ್ಟಿಸುತ್ತ ಹೋಗಬೇಕು: ಲೋವರ್ ಆರ್ಮಿನ ಬುಷ್, ಸ್ಟೆಬಿಲೈಜರ್ ಬಾರ್ ಹಿಡಿದ ಕ್ಲಾಂಪಿನ ರಬ್ಬರ್, ಬಾರಿನ ತುದಿಯ ರಬ್ಬರ್, ಬಾಲ್ ಜಾಯಿಂಟ್, ಸ್ಪ್ರಿಂಗ್, ಸ್ಟ್ರಟ್ಟಿನ ತಲೆ. ಸ್ಪ್ರಿಂಗಿನ ಸುತ್ತುಗಳ ನಡುವೆ ಮಾತ್ರ ಬೆರಳು ಹಾಕಬಾರದು. ನಮ್ಮ ಬೆರಳ ತುದಿಯ ಚರ್ಮದಡಿ ಪಸೀನಿ ಕಣಗಳೆಂಬ ಪುಟ್ಟ ಸಂವೇದಕಗಳಿವೆ, ಹತ್ತೊಂಬತ್ತನೆಯ ಶತಮಾನದ ಇಟಲಿಯ ಅಂಗರಚನಾ ತಜ್ಞ ಫಿಲಿಪ್ಪೊ ಪಸೀನಿಯ ಹೆಸರು ಅವಕ್ಕೆ. ಸೆಕೆಂಡಿಗೆ ಸುಮಾರು 250 ಸಲ ನಡುಗುವ ಕಂಪನಕ್ಕೆ ಅವು ಅತ್ಯಂತ ಚುರುಕು, ಒಂದು ಮೈಕ್ರಾನಿಗಿಂತ ಕಡಿಮೆ ಅಲುಗಾಟವನ್ನೂ ಹಿಡಿಯುತ್ತವೆ. ಕೀಲಿನ ಕಿರುಗುಟ್ಟುವಿಕೆ ಬಹಳ ಸಲ ಇದೇ ಆಸುಪಾಸಿನದು. ಕಾಯಿಲೆಯ ಕೀಲನ್ನು ಮುಟ್ಟಿದಾಗ ಬೆರಳು 'ಜುಂ' ಎನ್ನುತ್ತದೆ, ಪಕ್ಕದ್ದನ್ನು ಮುಟ್ಟಿದರೆ ಸುಮ್ಮನಿರುತ್ತದೆ.

ಬೆರಳಿಗೆ ಸಿಗದಿದ್ದರೆ ನೀರು. ಮಳೆಯ ದಿನ ಸದ್ದು ನಿಲ್ಲುತ್ತದೆಯಲ್ಲ, ಅದನ್ನೇ ಪರೀಕ್ಷೆ ಮಾಡಿಕೊಳ್ಳಬಹುದು. ಸೋಪಿನ ನೀರನ್ನು ಒಂದು ಕೀಲಿಗೆ ಮಾತ್ರ ಬಿಟ್ಟು ಒತ್ತಿ ನೋಡಿ. ಸದ್ದು ಹಾಗೇ ಇದ್ದರೆ ಮುಂದಿನದಕ್ಕೆ. ಯಾವುದಕ್ಕೆ ಬಿಟ್ಟಾಗ ನಿಂತಿತೋ ಅದೇ ಕಳ್ಳ. ಸೋಪಿನ ನೀರು ರಬ್ಬರಿಗೆ ಕೇಡು ಮಾಡುವುದಿಲ್ಲ, ಒಂದೆರಡು ತಾಸಿನಲ್ಲಿ ಒಣಗುತ್ತದೆ. ಇದೇ ಪರೀಕ್ಷೆಯನ್ನು ಡೀಸೆಲ್‌ನಲ್ಲಿ ಮಾಡಿದರೆ ಎಲ್ಲ ಕೀಲುಗಳೂ ಒಟ್ಟಿಗೆ ಬಾಯಿ ಮುಚ್ಚುತ್ತವೆ, ಹುಡುಕಲು ಏನೂ ಉಳಿಯುವುದಿಲ್ಲ.

ಸಿಕ್ಕಿದ್ದು ಸ್ಟೆಬಿಲೈಜರ್ ಬಾರಿನ ಕ್ಲಾಂಪ್ ರಬ್ಬರ್ ಆಗಿದ್ದರೆ ಅದೃಷ್ಟ. ಅಲ್ಲಿ ಬಾರ್ ರಬ್ಬರಿನೊಳಗೆ ಸ್ವಲ್ಪ ಜಾರುತ್ತದೆ, ದೂಳು ಸೇರಿದರೆ ಕೂಗುತ್ತದೆ. ರಬ್ಬರ್ ಉಕ್ಕಿನ ಮೇಲೆ ಜಾರುವ ರೀತಿಯೇ ವಿಚಿತ್ರ. ಅದು ಒಟ್ಟಿಗೆ ಜಾರದೆ ಸುಕ್ಕುಗಳನ್ನು ಅಲೆಯಂತೆ ದಾಟಿಸಿಕೊಂಡು ಮುಂದೆ ಸರಿಯಬಲ್ಲದು ಎಂದು ಅಡಾಲ್ಫ್ ಶಲ್ಲಮಾಖ್ 1971ರಲ್ಲಿ ತೋರಿಸಿದರು. ಕ್ಲಾಂಪ್ ಬಿಚ್ಚಿ, ಬಾರಿನ ತುಕ್ಕು ಉಜ್ಜಿ, ರಬ್ಬರ್ ಗಟ್ಟಿಯಿದ್ದರೆ ತೊಳೆದು ಒರೆಸಿ ಸಿಲಿಕೋನ್ ಗ್ರೀಸ್ ಸವರಿದರೆ ಸಾಕು. ಸಿಲಿಕೋನಿನ ಬೆನ್ನೆಲುಬು ಇಂಗಾಲದ್ದಲ್ಲ, ಸಿಲಿಕಾನ್ ಮತ್ತು ಆಮ್ಲಜನಕದ್ದು. ಸಹಜ ರಬ್ಬರಿನೊಳಗೆ ಅದು ಅಷ್ಟಾಗಿ ನುಗ್ಗುವುದಿಲ್ಲ.

ಬಾಲ್ ಜಾಯಿಂಟ್ ಆಗಿದ್ದರೆ ಮಾತ್ರ ತಡಮಾಡಬಾರದು. ಲೋವರ್ ಆರ್ಮಿನ ಹೊರತುದಿಯ ಬಟ್ಟಲಿನಲ್ಲಿ ಉಕ್ಕಿನ ಗುಂಡು ತಿರುಗುವ ಈ ಕೀಲಿಗೆ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ರಬ್ಬರ್ ಟೊಪ್ಪಿ ಹಾಕಿರುತ್ತಾರೆ. ಟೊಪ್ಪಿ ಹರಿದ ದಿನದಿಂದ ಅದರ ಆಯುಷ್ಯ ಮುಗಿಯತೊಡಗುತ್ತದೆ. ನಮ್ಮ ರಸ್ತೆಯ ದೂಳಿನಲ್ಲಿರುವ ಸ್ಫಟಿಕದ ಮರಳು ಮೋಸ್ ಗಡಸುತನದ ಅಳತೆಯಲ್ಲಿ 7, ಗಾಜನ್ನೂ ಸಾಮಾನ್ಯ ಉಕ್ಕನ್ನೂ ಗೀರಬಲ್ಲದು. ಅದು ಗ್ರೀಸಿನಲ್ಲಿ ಕಲೆತರೆ ಗ್ರೀಸೇ ಅರೆಯುವ ಪುಡಿಯಾಗುತ್ತದೆ. ಮೇಲೆ ಮಳೆನೀರು ಇಳಿದು ತುಕ್ಕು. ಗಾಡಿಯ ಭಾರ ಈ ಗುಂಡಿನ ಮೇಲೆ ಕೂತಿರುವುದಿಲ್ಲ, ಅದನ್ನು ಸ್ಟ್ರಟ್ ಹೊರುತ್ತದೆ. ಆದರೆ ಚಕ್ರದ ಬುಡವನ್ನು ಹಿಡಿದಿಟ್ಟಿರುವುದು ಇದೊಂದೇ. ಗುಂಡು ಬಟ್ಟಲಿನಿಂದ ಕಳಚಿದರೆ ಚಕ್ರ ಅಡಿಗೆ ಮಡಚಿಕೊಳ್ಳುತ್ತದೆ, ಸ್ಟೇರಿಂಗ್ ಕೈಗೆ ಸಿಗುವುದಿಲ್ಲ. ಚಕ್ರವನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ 'ಟಕ್' ಎಂದು ಸಡಿಲು ಕಂಡರೆ ಅದು ವೀಲ್ ಬೇರಿಂಗೋ ಬಾಲ್ ಜಾಯಿಂಟೋ ಎಂದು ಅಲ್ಲೇ ತೀರ್ಮಾನಿಸಿ, ಸರಿಪಡಿಸಿದ ಮೇಲೆಯೇ ಗಾಡಿ ಹೊರಡಬೇಕು. ಸದ್ದಡಗಿಸುವ ಎಣ್ಣೆಯ ಬಗ್ಗೆ ನಾನು ಇಷ್ಟು ಬರೆದಿರುವುದೇ ಈ ಒಂದು ಕೀಲಿಗಾಗಿ. ಸಾಯುತ್ತಿರುವ ಬಾಲ್ ಜಾಯಿಂಟ್ ಕೊಡುವ ಮುನ್ಸೂಚನೆ ಆ ಕಿರುಗುಟ್ಟುವಿಕೆ. ಅದನ್ನು ಒದ್ದೆ ಮಾಡಿ ಸುಮ್ಮನಾಗಿಸಿದರೆ ಮುಂದಿನ ಸೂಚನೆ ರಸ್ತೆಯ ಮೇಲೆಯೇ ಬರಬಹುದು.

ನಿಂತಲ್ಲೇ ಸ್ಟೇರಿಂಗ್ ತಿರುಗಿಸುವಾಗ 'ಟಣ್' ಎಂದು ಸ್ಪ್ರಿಂಗ್ ಹಾರಿದ ಸದ್ದು ಬಂದರೆ ಸ್ಟ್ರಟ್ಟಿನ ತಲೆಯ ಬೇರಿಂಗ್ ಹಿಡಿದಿದೆ ಎಂದರ್ಥ. ಸ್ಟ್ರಟ್ಟಿನೊಂದಿಗೆ ತಿರುಗಬೇಕಾದ ಸ್ಪ್ರಿಂಗ್ ತಿರುಗಲಾಗದೆ ಸುತ್ತಿಕೊಂಡು ಕೊನೆಗೆ ಒಮ್ಮೆಲೇ ಬಿಡುತ್ತದೆ. ಇದರ ಕೆಲಸ ಮನೆಯಂಗಳದ್ದಲ್ಲ. 800ರ ತೂಕ ಸುಮಾರು 650 ಕಿಲೋ, ಮುಂದಿನ ಒಂದೊಂದು ಚಕ್ರದ ಮೇಲೆ ಅಂದಾಜು 195 ಕಿಲೋ ಕೂರುತ್ತದೆ. ಆ ಭಾರಕ್ಕೆ ಸ್ಪ್ರಿಂಗ್ 12 ಸೆಂಟಿಮೀಟರ್ ಕುಗ್ಗಿದೆ ಎಂದಿಟ್ಟುಕೊಂಡರೆ ಅದರಲ್ಲಿ ಅಡಗಿದ ಶಕ್ತಿ, ಹನ್ನೆರಡು ಕಿಲೋದ ಕಲ್ಲು ಒಂದು ಮೀಟರ್ ಮೇಲಿಂದ ಬಿದ್ದಷ್ಟು. ಚಕ್ರ ಜೋತುಬಿಟ್ಟಾಗಲೂ ಒಂದಷ್ಟು ಉಳಿದೇ ಇರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ತಲೆಯ ನಟ್ ಬಿಚ್ಚಿದರೆ ಅಷ್ಟೂ ಎದುರಿಗಿದ್ದವರ ಮುಖಕ್ಕೆ.

ಇದೇ ಎಚ್ಚರ ಗಾಡಿ ಎತ್ತುವಾಗಲೂ ಇರಲಿ. ಜಾಕಿ ಎತ್ತುವುದಕ್ಕೆ ಮಾತ್ರ, ಹಿಡಿದಿಡುವುದಕ್ಕಲ್ಲ. ಇಟ್ಟಿಗೆ, ಹಾಲೋ ಬ್ಲಾಕ್ ಇಡುವುದು ನಮ್ಮಲ್ಲಿ ರೂಢಿ. ಅವು ಸಮನಾಗಿ ಹರಡಿದ ಭಾರ ಹೊರುತ್ತವೆ, ಒಂದು ಬಿಂದುವಿನ ಮೇಲೆ ಬಿದ್ದರೆ ಸುಳಿವೂ ಕೊಡದೆ ಸಿಡಿಯುತ್ತವೆ. ಕಬ್ಬಿಣದ ಸ್ಟ್ಯಾಂಡ್ ಇಡಿ, ಬಿಚ್ಚಿದ ಚಕ್ರವನ್ನೂ ಬಾಡಿಯ ಅಡಿಗೆ ಮಲಗಿಸಿ.

ಲೋವರ್ ಆರ್ಮಿನ ಬುಷ್ ಬದಲಿಸುವಾಗ ಒತ್ತಿ ತೆಗೆದು ಒತ್ತಿ ಕೂರಿಸುವುದು ಪ್ರೆಸ್ ಇರುವ ಲೇತಿನವರ ಕೆಲಸ. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದರೆ ಹೊರಗಿನ ಕೊಳವೆ ಓರೆಯಾಗುತ್ತದೆ. ಆರ್ಮನ್ನು ಮರಳಿ ಜೋಡಿಸುವಾಗ ಬಹಳ ಕಡೆ ತಪ್ಪಿಹೋಗುವ ಒಂದು ಹೆಜ್ಜೆ ಇದೆ, ಹೊಸ ಬುಷ್ ವರ್ಷದೊಳಗೆ ಹರಿಯುವುದಕ್ಕೆ ಬಹುಪಾಲು ಅದೇ ಕಾರಣ. ಗಾಡಿ ಎತ್ತಿದಾಗ ಚಕ್ರ ಜೋತುಬಿದ್ದಿರುತ್ತದೆ. ಆರ್ಮಿನ ಉದ್ದ 30 ಸೆಂಟಿಮೀಟರ್, ಚಕ್ರ 7 ಸೆಂಟಿಮೀಟರ್ ಕೆಳಗಿಳಿದಿದೆ ಎಂದಿಟ್ಟುಕೊಳ್ಳಿ, ಆರ್ಮ್ ಸುಮಾರು 13 ಡಿಗ್ರಿ ಓರೆಯಾಗಿರುತ್ತದೆ. ಅದೇ ಸ್ಥಿತಿಯಲ್ಲಿ ಬೋಲ್ಟ್ ಬಿಗಿದರೆ ರಬ್ಬರಿನ ಒಳಕೊಳವೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಕೆಳಗಿಳಿಸಿದ ಕ್ಷಣದಿಂದ ರಬ್ಬರ್ 13 ಡಿಗ್ರಿ ತಿರುಚಿಕೊಂಡೇ ಇರುತ್ತದೆ, ನಿಂತಾಗಲೂ ಅದಕ್ಕೆ ಬಿಡುವಿಲ್ಲ. ಹಂಪ್ ಬಂದಾಗ ಅದರ ಮೇಲೆ ಇನ್ನಷ್ಟು. ಎಳೆತದಲ್ಲಿರುವ ರಬ್ಬರನ್ನೇ ಓಝೋನ್ ಹುಡುಕಿಕೊಂಡು ಬರುವುದು ಎಂದು ಆಗಲೇ ನೋಡಿದೆವು. ಆದ್ದರಿಂದ ಬೋಲ್ಟನ್ನು ಬೆರಳಲ್ಲಿ ತಿರುಗಿಸಿ ಬಿಟ್ಟು, ಗಾಡಿಯನ್ನು ನಾಲ್ಕು ಚಕ್ರಗಳ ಮೇಲೆ ಇಳಿಸಿ, ಬಾನೆಟ್ ಒತ್ತಿ ಬಿಟ್ಟು ಸಸ್ಪೆನ್ಷನ್ ತನ್ನ ಜಾಗಕ್ಕೆ ಕೂತ ಮೇಲೆ, ಗ್ಯಾರೇಜಿನ ಗುಂಡಿಯೊಳಗಿಂದ ಪೂರ್ತಿ ಬಿಗಿಯಬೇಕು. ಗುಂಡಿ ಇಲ್ಲದ ಕಡೆ ಇನ್ನೊಂದು ಜಾಕಿಯನ್ನು ಲೋವರ್ ಆರ್ಮಿನ ಹೊರತುದಿಯ ಕೆಳಗಿಟ್ಟು, ಬಾಡಿ ಸ್ಟ್ಯಾಂಡಿನಿಂದ ಆಗಷ್ಟೇ ಏಳುವ ಹಂತಕ್ಕೆ ಎತ್ತಿ ಬಿಗಿದರೂ ಆಗುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್, ಆರ್ಮ್ ಕೂದಲೆಳೆಯಷ್ಟು ಸರಿದಿದ್ದರೂ ಟೈರಿನ ಒಂದು ಅಂಚು ಸವೆಯುತ್ತದೆ.

ತೆಗೆದ ಹಳೆಯ ಬುಷನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಲು ಮೆಕ್ಯಾನಿಕ್‌ಗೆ ಹೇಳಿ. ರಬ್ಬರ್ ಸ್ಪಂಜಿನಂತೆ ಮೆತ್ತಗಾಗಿ ಉಬ್ಬಿದ್ದರೆ ಅದು ಎಣ್ಣೆಯ ಕೆಲಸ. ಗಟ್ಟಿಯಾಗಿ ಗೆರೆಗೆರೆ ಬಿರಿದಿದ್ದರೆ ವಯಸ್ಸು ಮತ್ತು ಓಝೋನ್. ಸುತ್ತಲೂ ಒಂದೇ ದಿಕ್ಕಿಗೆ ತಿರುಚಿ ಹರಿದಿದ್ದರೆ ಹಿಂದಿನ ಸಲ ಜೋತುಬಿದ್ದ ಸ್ಥಿತಿಯಲ್ಲೇ ಬೋಲ್ಟ್ ಬಿಗಿದಿದ್ದರು. ಒಳಕೊಳವೆಯ ಒಂದು ಮಗ್ಗುಲು ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಉಕ್ಕು ಉಕ್ಕಿಗೆ ತಗುಲಿ ಉಜ್ಜಿದೆ, ಆ ಕಿರುಗುಟ್ಟುವಿಕೆ ಹುಟ್ಟಿದ್ದು ಅಲ್ಲೇ. ಎಡಗಡೆಯದು ಬಲಗಡೆಯದಕ್ಕಿಂತ ಹೆಚ್ಚು ಹಾಳಾಗಿದ್ದರೆ ಅಚ್ಚರಿಯಿಲ್ಲ, ಎದುರಿಗೆ ಬಸ್ಸು ಬಂದಾಗಲೆಲ್ಲ ಡಾಂಬರಿನ ಅಂಚಿನಿಂದ ಮಣ್ಣಿಗೆ ಇಳಿಯುವುದು ಎಡಗಡೆಯ ಚಕ್ರ. ಬಲಗಡೆಯದನ್ನೂ ಅದೇ ದಿನ ಬಿಚ್ಚಿ ನೋಡಿ, ಅದರ ವಯಸ್ಸೂ ಅಷ್ಟೇ.